ಹಾಳೆಯ ಹಿಂಬದಿ

ವರ್ನಾ ಟೆಸ್ಕಿಯ ಗಂಡ ಹಾರ್ಲನ್ ಶಾಸಕನಾಗಿದ್ದಾಗಲೇ ಸತ್ತ, ರಾಜಧಾನಿಯಲ್ಲಿ, ತನ್ನ ಹಳೇ ಪಿಕಪ್ ಟ್ರಕ್ಕಿನೊಳಗೆ. ಶಾಸಕ ಅಂದಕೂಡಲೇ ಕಾರು, ಬಂಗಲೆ ನೆನಪಾಗಬಹುದು. ನಮ್ಮ ರಾಜ್ಯದಲ್ಲಿ ಶಾಸಕರಿಗೆ ಸಂಬಳವೇ ಇಲ್ಲ. ಅಧಿವೇಶನದ ದಿನಗಳಿಗೆ ಕೊಡುವ ಹತ್ತಾರು ಡಾಲರ್ ಭತ್ಯೆ ಹೋಟೆಲ್ ಕೋಣೆಗೂ ಸಾಲದು. ಚಳಿಗಾಲದ ನಲವತ್ತು ದಿನ ವೆಲ್ಡಿಂಗ್ ಕೆಲಸ ಬಿಟ್ಟು ಹೋಗುತ್ತಿದ್ದ ಹಾರ್ಲನ್ ಟ್ರಕ್ಕಿನಲ್ಲೇ ಮಲಗುತ್ತಿದ್ದ. ಒಮ್ಮೆ ಚಳಿ ತಾಳದೆ ಎಂಜಿನ್ ಚಾಲೂ ಇಟ್ಟು ಮಲಗಿದ. ಹೊಗೆಕೊಳವೆಗೆ ಹಿಮ ಮುಚ್ಚಿಕೊಂಡು ವಿಷದ ಹೊಗೆ ಒಳಗೇ ತುಂಬಿತು. ಬೆಳಿಗ್ಗೆ ಸದನದವರು ಒಂದು ನಿಮಿಷ ಮೌನವಾಗಿ ನಿಂತು, ಮೇವಿನ ಮಸೂದೆ ಕೈಗೆತ್ತಿಕೊಂಡರಂತೆ.

ಎರಡು ವರ್ಷದ ಮೇಲೆ ರಾಜ್ಯದ ಸಂವಿಧಾನಕ್ಕೆ ಒಂದು ತಿದ್ದುಪಡಿ ಜನರ ಮತಕ್ಕೆ ಬಂತು. ಶಾಸಕರ ಸಂಖ್ಯೆ ಅರವತ್ತರಿಂದ ನಲವತ್ತಕ್ಕೆ ಇಳಿಯಬೇಕು, ಉಳಿದವರಿಗೆ ಬದುಕುವಷ್ಟು ಸಂಬಳ ಸಿಗಬೇಕು. ಶಾಲೆಯ ಅಡುಗೆಮನೆಯಲ್ಲಿ ದುಡಿಯುವ ವರ್ನಾ ಬೇಸಿಗೆಯೆಲ್ಲ ಮನೆಮನೆ ಸುತ್ತಿದಳು. ಇನ್ನು ನಮ್ಮೂರಿಗೆ ಅಂತ ಒಬ್ಬ ಶಾಸಕ ಇರುವುದಿಲ್ಲವಲ್ಲ ಎಂದು ಹಲವರು ಮುಖ ಸಿಂಡರಿಸಿದರು. ಪಕ್ಕದ ಮನೆಯ ಮುದುಕ ಆರ್ವಿಡ್ ಮೂರು ತಿಂಗಳು ವಾದ ಮಾಡಿ ಕೊನೆಗೆ ಸೋತ.

"ಕೂತಲ್ಲೇ ತೂಕಡ್ಸೋರಿಗೆ ಸಂಬಳ ಬೇರೆ ಕೇಡು. ಆದ್ರೂ ಹಾರ್ಲನ್‌ಗೋಸ್ಕರ ಹೌದು ಅಂತ ಗುರುತು ಹಾಕ್ತೀನಿ, ಹೋಗು" ಅಂದ.

ನಮ್ಮ ಕಾನೂನಿನಲ್ಲೊಂದು ಕೊಕ್ಕೆಯಿದೆ. ಮತ ಹಾಕಲು ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೌದು ಅನ್ನಬೇಕು. ಖಾಲಿ ಬಿಟ್ಟರೆ ಬೇಡ ಅಂದಂತೆಯೇ. ಅಂಥ ತಿದ್ದುಪಡಿಯನ್ನು ಅಚ್ಚು ಹಾಕಿಸಿದ್ದು ಮತಪತ್ರದ ಹಿಂಬದಿಯಲ್ಲಿ. ಅದು ವರ್ನಾಳಿಗೂ ಗೊತ್ತಾದದ್ದು ಮತದಾನದ ದಿನ ಹಾಳೆಯ ಕಟ್ಟು ಬಿಚ್ಚಿದಾಗಲೇ.

ಊರಿನ ಮತಗಟ್ಟೆಯಲ್ಲಿ ಹಾಳೆ ಹಂಚುವುದು ಇಪ್ಪತ್ತು ವರ್ಷದಿಂದ ವರ್ನಾಳದೇ ಕೆಲಸ. ಎಲ್ಲರಿಗೂ ಹಿಂದೆ ತಿರುಗಿಸಿ ನೋಡಲು ಹೇಳು ಎಂದು ಮತಗಟ್ಟೆಯ ಮುಖ್ಯಸ್ಥೆ ಒರಾಲೀ ಬೆಳಿಗ್ಗೆಯೇ ಹೇಳಿದ್ದಳು. ವರ್ನಾಳಿಗೆ ಬಾಯೇ ಬರಲಿಲ್ಲ. ಮತಗಟ್ಟೆಯೊಳಗೆ ಪ್ರಚಾರ ಮಾಡಕೂಡದು. ಊರೆಲ್ಲ ಸುತ್ತಿದ ತಾನು ಆ ಮಾತು ಆಡಿದರೆ ಅದೂ ಪ್ರಚಾರವೇ ಎಂದುಕೊಂಡಳು. ಗಂಡನ ಸಾವು ತೋರಿಸಿ ಮತ ಗಿಟ್ಟಿಸಿದಳು ಅನ್ನಿಸಿಕೊಳ್ಳಬಾರದೆಂದು ದಿನವಿಡೀ ತುಟಿ ಬಿಗಿಹಿಡಿದು ಹಾಳೆ ಕೊಟ್ಟಳು. ಆ ಪ್ರಾಮಾಣಿಕತೆ ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಇಡೀ ರಾಜ್ಯದಲ್ಲಿ ನಲವತ್ತಮೂರು ಮತ ಕಡಿಮೆ ಬಿದ್ದು ತಿದ್ದುಪಡಿ ಸೋತಿತು. ನಮ್ಮ ಮತಗಟ್ಟೆಯೊಂದರಲ್ಲೇ ಎಪ್ಪತ್ತೊಂದು ಹಾಳೆಗಳ ಹಿಂಬದಿ ಖಾಲಿಯಿತ್ತು.

ಎರಡು ದಿನ ಬಿಟ್ಟು ಆರ್ವಿಡ್ ಬಂದು ಅಡುಗೆಮನೆಯಲ್ಲಿ ಕೂತ. ವರ್ನಾ ಕಾಫಿ ಬಗ್ಗಿಸಿ ಕೊಟ್ಟಳು.

"ಆ ಪ್ರಶ್ನೆ ಬಹಳ ಹುಡುಕ್ದೆ ಕಣಮ್ಮ, ಕಾಣ್ಲೇ ಇಲ್ಲ" ಅಂದ. "ಅಲ್ಲೇ ನಿನ್ನನ್ನ ಕೇಳೋಣ ಅಂತ ಮೇಜಿನ ಹತ್ರ ಬಂದೆ. ನೀನು ಆ ಕಡೆ ಮುಖ ತಿರುಗಿಸ್ಕೊಂಡೆ. ಕೇಳ್ಬಾರ್ದೇನೋ ಅಂತ ಹಂಗೇ ಹಾಕಿ ಬಂದ್ಬಿಟ್ಟೆ."

"ಹಿಂದುಗಡೆ ಇತ್ತು, ಆರ್ವಿಡ್."

"ಮತ್ತೆ ಯಾಕೆ ಹೇಳ್ಲಿಲ್ಲ?"

ವರ್ನಾ ಕಾಫಿ ಪಾತ್ರೆಯನ್ನು ಒಲೆಯ ಮೇಲಿಟ್ಟಳು.

"ಊರೋರ ಕಣ್ಣಲ್ಲಿ ಒಳ್ಳೇವಳು ಅನ್ನಿಸ್ಕೊಳ್ಳೋಕೆ" ಅಂದಳು.