ಬಿಸ್ಕೀಟು ಗೆದ್ದ ವಾದ

ಆಗ ನಾವು ಹಿಮಾಯತ್‌ನಗರದ ಒಂದು ಹಳೆಯ ಮನೆಯ ಮಹಡಿಯಲ್ಲಿದ್ದೆವು. ಬೇಸಿಗೆ ಎಂಬುದು ಖಚಿತ. ಕೂಲರಿನ ಒದ್ದೆ ಲಾವಂಚದ ವಾಸನೆ ಇನ್ನೂ ಮೂಗಿನಲ್ಲಿದೆ. ಉಳಿದದ್ದರಲ್ಲಿ ಎಷ್ಟೋ ತಪ್ಪಿರಬಹುದು. ನಾನು ಮೂರನೆಯ ತರಗತಿಯೋ ನಾಲ್ಕನೆಯದೋ. ಮಾತುಗಳು ಇದೇ ಕ್ರಮದಲ್ಲಿ ಬಂದವೆಂದು ಆಣೆ ಮಾಡಲಾರೆ.

ನಮ್ಮೊಂದಿಗೇ ಇದ್ದ ಅಪ್ಪನ ತಮ್ಮ, ನಮ್ಮ ಕಾಕಾ, ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದರು. ಸಂಜೆ ಚಹಾದ ಹೊತ್ತಿಗೆ ನಮ್ಮಿಬ್ಬರದೊಂದು ಆಟ. ನಾನು ಲೋಕದ ಬಗ್ಗೆ ಏನಾದರೊಂದು ಹೇಳಬೇಕು, ಕಾರಣ ಕೊಡಬೇಕು, ಕಂಡ ಉದಾಹರಣೆ ತೋರಿಸಬೇಕು. ಕಾಕಾ ಅದಕ್ಕೆ ವಿರುದ್ಧವಾದ ಒಂದೇ ಒಂದು ಉದಾಹರಣೆ ತಂದರೂ ನಾನು ಸೋತಂತೆ. ಅಂಥ ಉದಾಹರಣೆಗೆ ನಾವು 'ಉಲ್ಟಾ' ಎನ್ನುತ್ತಿದ್ದೆವು. ತಟ್ಟೆಯ ಕೊನೆಯ ಉಸ್ಮಾನಿಯಾ ಬಿಸ್ಕೀಟು ಗೆದ್ದವರಿಗೆ.

ಓಣಿಯ ನಾಯಿಗಳೆಲ್ಲ ಸ್ಕೂಟರ್ ಕಂಡರೆ ಬೊಗಳುತ್ತವೆ ಎಂದಿದ್ದೆ ಒಮ್ಮೆ.

"ಉಲ್ಟಾ ಐತಿ," ಎಂದರು ಕಾಕಾ. "ಇರಾನಿ ಹೋಟೆಲ್ ಮುಂದಿನ ಕುಂಟ ನಾಯಿ ನನ್ನ ಸ್ಕೂಟರ್ ನೋಡಿ ಬಾಲ ಅಲ್ಲಾಡಸ್ತೈತಿ. ನಿನಗಿಂತ ಅದಕ್ಕ ಮರ್ಯಾದಿ ಜಾಸ್ತಿ."

ಬಿಸ್ಕೀಟನ್ನು ನನ್ನೆದುರೇ ಚಹಾದಲ್ಲಿ ಅದ್ದಿ ತಿಂದರು. ಮಗುವೆಂದು ಬಿಟ್ಟುಕೊಡುವವರಲ್ಲ. ಅದಕ್ಕೇ ಅವರು ಒಪ್ಪಿದ ಮಾತೆಂದರೆ ನನಗೆ ನಿಜವಾದ ಮಾತು.

ಆ ಬೇಸಿಗೆಯಲ್ಲಿ ಅವ್ವನನ್ನು ದವಾಖಾನೆಗೆ ಸೇರಿಸಿದರು. ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಒಂದು ಸಂಜೆ ಕಾಕಾ ಅಲ್ಲಿಂದ ಬಂದು, ಚಪ್ಪಲಿ ಕೂಡ ಬಿಡದೆ ಕುಳಿತರು. ಆಟ ನಾನೇ ಶುರು ಮಾಡಿದೆ.

"ದವಾಖಾನಿಗೆ ಹೋದೋರೆಲ್ಲಾ ಮನಿಗೆ ಬರ್ತಾರ. ಯಾಕಂದ್ರ ಅಲ್ಲಿ ಡಾಕ್ಟರ್ ಇರ್ತಾರ. ಕೆಳಗಿನ ಮನಿ ಆಂಟಿ ಬಂದ್ರು. ಅಪ್ಪ ಕಾಲು ಮುರಕೊಂಡು ಹೋಗಿ ಬಂದ್ರು. ಅಂದಮ್ಯಾಲ ಅವ್ವನೂ ಬರ್ತಾಳ. ಉಲ್ಟಾ ಐತೇನ್ರಿ ಕಾಕಾ?"

ಅವರ ತಲೆಯ ಮೇಲೆ, ಗೋಡೆಯಲ್ಲಿ, ಗಂಧದ ಹಾರ ಹಾಕಿದ ಫೋಟೋದಲ್ಲಿ ಕಾಕು ಇದ್ದರು, ಕಾಕಾನ ಹೆಂಡತಿ. ನಾನು ಹುಟ್ಟಿದ ವರ್ಷವೇ ಹೆರಿಗೆಗೆಂದು ದವಾಖಾನೆಗೆ ಹೋದವರು ತಿರುಗಿ ಬರಲಿಲ್ಲವಂತೆ. ಅದು ನನಗೆ ತಿಳಿದದ್ದು ಬಹಳ ತಡವಾಗಿ.

ಕಾಕಾ ಕೂಲರಿನ ಕಡೆ ನೋಡಿದರು. ಆಮೇಲೆ "ಇಲ್ಲವ್ವಾ" ಎಂದು ಬಿಸ್ಕೀಟನ್ನು ನನ್ನ ಕೈಗಿಟ್ಟರು.

ಅಪ್ಪ ಊಟ ಮುಟ್ಟದೆ ಕುಳಿತಾಗಲೆಲ್ಲ ನಾನೇ ಸಮಾಧಾನ ಹೇಳುತ್ತಿದ್ದೆ: ಅವ್ವ ಬಂದೇ ಬರುತ್ತಾಳೆ, ಕಾಕಾ ಒಪ್ಪಿದ್ದಾರೆ.

ಅವ್ವ ಬರಲಿಲ್ಲ. ಆಟ ನಿಂತಿತು.

ಮುಂದೆ ಗಚ್ಚಿಬೌಲಿಯ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿದೆ. ಕಂಡ ಕೆಲವರಿಂದ ಕಾಣದ ಎಲ್ಲರಿಗೂ ಜಿಗಿಯುವ ವಾದ ಎಲ್ಲಿ ಮುರಿಯುತ್ತದೆಂದು ಈಗ ಹೇಳಬಲ್ಲೆ. ಸಾವೆಂದರೇನು, ಮುಂದಾಗುವುದನ್ನು ಅರಿಯಬಹುದೇ ಎಂಬಂಥ ಪ್ರಶ್ನೆಗಳನ್ನು ತರ್ಕ ಚೊಕ್ಕಟವಾಗಿ ಬಿಡಿಸಿ ಇಡುತ್ತದೆ. ಬಿಡಿಸಿಟ್ಟ ಮೇಲೂ ಅವು ಅಲ್ಲೇ ಇರುತ್ತವೆ. ಅವ್ವನ ಜೊತೆಗೆ, ಒಬ್ಬರ ಒಪ್ಪಿಗೆಯನ್ನು ನೆಚ್ಚಿ ನಿದ್ದೆ ಮಾಡುವುದೂ ಹೋಯಿತು. ಯಾರು ಧೈರ್ಯ ಹೇಳಿದರೂ ನನ್ನ ಕಣ್ಣು ಮೊದಲು ಅವರ ಹಿಂದಿನ ಗೋಡೆಗೆ ಹೋಗುತ್ತದೆ.

ಕಾಕಾ ಈಗ ಕೂಕಟ್‌ಪಲ್ಲಿಯ ಫ್ಲ್ಯಾಟಿನಲ್ಲಿ ನನ್ನೊಂದಿಗೇ ಇದ್ದಾರೆ. ಕಿವಿ ಚೆನ್ನಾಗಿದೆ, ಬುದ್ಧಿ ಚುರುಕು. ಕಳೆದ ವಾರ ಚಹಾ ಕೊಡುತ್ತ ಕೇಳಿಬಿಟ್ಟೆ. ಅವರು ಕಪ್ಪನ್ನು ಕೆಳಗಿಟ್ಟರು. ಆಮೇಲೆ ಬೇರೆ ಮಾತೆಲ್ಲ ಆಡಿದ್ದಾರೆ, ಅದನ್ನೊಂದು ಬಿಟ್ಟು. ನಾನು ಕೇಳಿದ್ದು ಇಷ್ಟೇ:

"ಕಾಕಾ, ಉಲ್ಟಾ ನಿಮ್ಮ ತಲಿ ಮ್ಯಾಲೇ ಇತ್ತು. ನನಗ ಕಾಣಬಾರದಂತ ಸುಮ್ಮನಾದ್ರೋ, ಇಲ್ಲಾ ಅವತ್ತ ಒಂದ್ ಸಂಜಿ ನಿಮಗೂ ನನ್ನ ಮಾತು ಖರೇ ಅನಿಸಿತ್ತೇನ್ರಿ?"