ಡಿಂಗಿರಿ ಮೆಣಿಕೆಯ ಮನೆ, ನಾನು ಬರೆದ ಸಾಲು

ಕ್ಯಾಂಡಿಯ ಹೊರಗಿನ ಒಂದು ಹಳ್ಳಿಯಲ್ಲಿ ಬಾಡಿಗೆಗೆ ಕೋಣೆ ಕೇಳಲು ಹೋದಾಗ ಮನೆಯ ಯಜಮಾನಿ ನನ್ನ ಜಾತಿ ಕೇಳಲಿಲ್ಲ, ಊರು ಕೇಳಲಿಲ್ಲ. "ನೀವು ಯಾವ ಕಾನೂನಿನವರು?" ಎಂದಳು. ಜೊತೆಗೆ ಬಂದಿದ್ದ ಗಫಾರ್ ಸಾಹೇಬರು ಆ ಸಿಂಹಳ ಮಾತನ್ನು ಕನ್ನಡದಲ್ಲಿ ಹೇಳಿ, ನನ್ನ ಮುಖ ನೋಡಿ ನಕ್ಕರು.

"ಬೆಪ್ಪಾಗಬ್ಯಾಡಿ ಸ್ವಾಮಿ. ಇಲ್ಲಿ ಅಂಗೇ ಕಣ್ರೀ. ನಾನು ಸತ್ರೆ ಒಂದು ಕಾನೂನು, ಈಯಮ್ಮ ಸತ್ರೆ ಇನ್ನೊಂದು. ನಿಮ್ಮದು ಯಾವ್ದು ಅಂತ ಇನ್ನೂ ಯಾರಿಗೂ ಗೊತ್ತಿಲ್ಲ. ಅದು ಗೊತ್ತಾಗೋಗಂಟ ಸಾಯಕ್ಕೋಗಬ್ಯಾಡಿ."

ಸಾಹೇಬರು ಹುಣಸೂರಿನವರು, ಕುದುರೆಯ ಜೀನು ಹೊಲಿಯುವ ಮನೆತನ. ಟೀ ತೋಟದ ದೊರೆಗಳಿಗೆ ಜೀನು, ಲಗಾಮು ಮಾಡಿಕೊಡುತ್ತ ಕ್ಯಾಂಡಿಯಲ್ಲಿ ಅಂಗಡಿ ಇಟ್ಟಿದ್ದರು. ಬಿ.ಎ. ಮುಗಿಸಿ, ಕಾನೂನು ಓದಲು ಹೊರಟು ಅರ್ಧಕ್ಕೆ ಬಿಟ್ಟು, ಅಪ್ಪನ ಮುಖ ನೋಡಲಾರದೆ ಅಲೆಯುತ್ತಿದ್ದ ನನ್ನನ್ನು ಇಲ್ಲಿಗೆ ಕರೆತಂದು ಒಬ್ಬ ಪ್ರಾಕ್ಟರ್ ಬಳಿ ಗುಮಾಸ್ತಿಕೆಗೆ ಸೇರಿಸಿದವರು ಅವರೇ. ಪ್ರಾಕ್ಟರ್ ಎಂದರೆ ಕಕ್ಷಿಗಾರರ ಕಾಗದಪತ್ರ ನೋಡಿಕೊಳ್ಳುವ ವಕೀಲ.

ಈ ದ್ವೀಪ ನಮ್ಮ ಮೈಸೂರು ಸಂಸ್ಥಾನಕ್ಕಿಂತ ಚಿಕ್ಕದು. ಆದರೂ ಗುಡ್ಡಗಾಡಿನ ಸಿಂಹಳರಿಗೆ ಅವರ ಹಳೆಯ ರಾಜರ ಕಾಲದ ಕಟ್ಟಳೆ, ಉತ್ತರದ ತುದಿಯ ಯಾಳ್ಪಾಣದ ತಮಿಳರಿಗೆ ಬೇರೆ, ಮುಸಲ್ಮಾನರಿಗೆ ಬೇರೆ, ಉಳಿದವರಿಗೆ ಡಚ್ಚರ ಕಾನೂನು. ಡಚ್ಚರು ಹೋಗಿ ನೂರು ವರ್ಷದ ಮೇಲಾಯಿತು, ಅವರ ಕಾನೂನು ಹೋಗಲಿಲ್ಲ. ಹಾಲೆಂಡಿನಲ್ಲೇ ಅದನ್ನು ಈಗ ಕೇಳುವವರಿಲ್ಲವಂತೆ. ಇವೆಲ್ಲದರ ಮೇಲೆ ಇಂಗ್ಲಿಷರು ತಮ್ಮ ಕೋರ್ಟು, ತಮ್ಮ ರಿಜಿಸ್ಟರು, ತಮ್ಮ ಭಾಷೆ ಕೂರಿಸಿದ್ದಾರೆ. ಮೊದಮೊದಲು ಇದನ್ನು ಕಂಡು ನನಗೆ ಬೆರಗಾಗುತ್ತಿತ್ತು. ಎಲ್ಲರ ಸಂಪ್ರದಾಯವನ್ನೂ ಉಳಿಸಿಕೊಂಡ ಉದಾರ ರಾಜ್ಯ ಎಂದು ಊರಿಗೆ ಕಾಗದ ಬರೆದೆ. ಆ ಕಾಗದ ಯಾರಾದರೂ ಇಟ್ಟುಕೊಂಡಿದ್ದರೆ ದಯವಿಟ್ಟು ಸುಟ್ಟುಹಾಕಿ.

ಮನೆ ಯಜಮಾನಿಯ ಹೆಸರು ಡಿಂಗಿರಿ ಮೆಣಿಕೆ. ವಯಸ್ಸು ನಲವತ್ತರ ಹತ್ತಿರ. ಮನೆ ಅವಳ ಅಪ್ಪ ಕಟ್ಟಿಸಿದ್ದು. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆ. ಗಂಡ ಕಿರಿಬಂಡ ಮಾತು ಕಡಿಮೆಯ ಮನುಷ್ಯ. ಮೊದಲ ತಿಂಗಳು ಕೆಂಪಕ್ಕಿ ಅನ್ನ, ತೆಂಗಿನಕಾಯಿ, ಒಣಮೀನಿನ ವಾಸನೆ ತಡೆಯಲಾರದೆ ಅರ್ಧ ಹೊಟ್ಟೆಯಲ್ಲಿ ಎದ್ದೆ. ಒಂದು ದಿನ ಅವಳು ಬೀಸುಕಲ್ಲಿನ ಮುಂದೆ ಕೂತಿದ್ದಾಗ ಹಿಟ್ಟಿನ ಬಣ್ಣ ನೋಡಿ ಓಡಿಹೋದೆ. ರಾಗಿ! ಇಲ್ಲಿ ಅದಕ್ಕೆ ಕುರಕ್ಕನ್ ಎನ್ನುತ್ತಾರೆ, ರೊಟ್ಟಿ ಮಾಡುತ್ತಾರೆ. ನಾನೇ ಒಲೆಯ ಮುಂದೆ ಕೂತು ಮುದ್ದೆ ತಿರುವಿದೆ. ಗಂಟುಗಂಟಾಯಿತು. ಕಿರಿಬಂಡ ಒಂದು ತುತ್ತು ಅಗಿಯಲು ಹೋದ. ಅಗಿಯಬಾರದು, ನುಂಗಬೇಕು ಎಂದು ನಾನು ಕೈಸನ್ನೆ ಮಾಡಿದಾಗ ಮೆಣಿಕೆ ಕಂಬ ಹಿಡಿದುಕೊಂಡು ನಕ್ಕಳು.

ನಿಧಾನವಾಗಿ ಸಿಂಹಳ ಕಲಿತೆ. ಅವಳ ಮಾತನ್ನು ಇಲ್ಲಿ ನಮ್ಮೂರಿನ ಮಾತಿನಲ್ಲೇ ಬರೆಯುತ್ತೇನೆ. ಅವಳು ಮಾತಾಡಿದಾಗ ನನಗೆ ಕೇಳಿಸುತ್ತಿದ್ದುದೇ ಹಾಗೆ. ಅದರಿಂದಲೇ ಅನಾಹುತವೂ ಆಯಿತು.

ಗುಡ್ಡಗಾಡಿನ ಸಿಂಹಳರಲ್ಲಿ ಮದುವೆ ಎರಡು ಬಗೆ. ಹೆಣ್ಣು ಹುಟ್ಟಿದ ಮನೆ ಬಿಟ್ಟು ಗಂಡನ ಮನೆಗೆ ಹೋದರೆ ಅದು ದೀಗ. ಅಪ್ಪನ ಆಸ್ತಿಯ ಋಣ ಅಲ್ಲಿಗೆ ಮುಗಿಯಿತು. ಗಂಡನೇ ಅವಳ ಮನೆಗೆ ಬಂದರೆ ಅದು ಬಿನ್ನ. ಮಗಳು ಮಗನಂತೆಯೇ ಪಾಲುದಾರಳು. ನಮ್ಮ ಮನೆ ಅಳಿಯತನವೇ ಎಂದುಕೊಳ್ಳಿ. ಹಿಂದೆ ಯಾವುದು ಯಾವುದೆಂದು ಊರಿಗೆಲ್ಲ ಗೊತ್ತಿರುತ್ತಿತ್ತು. ಇಂಗ್ಲಿಷರು ಅದಕ್ಕೊಂದು ರಿಜಿಸ್ಟರು ಮಾಡಿದರು. ಮದುವೆ ಯಾವ ಬಗೆಯದೆಂದು ಬರೆಯದೆ ಬಿಟ್ಟಿದ್ದರೆ, ಅಲ್ಲವೆಂದು ತೋರಿಸುವ ತನಕ ದೀಗ ಎಂದೇ ಲೆಕ್ಕ. ಮೆಣಿಕೆಯ ಮದುವೆ ಬರೆದುಕೊಂಡ ಮಹಾಶಯ ಆ ಜಾಗ ಖಾಲಿ ಬಿಟ್ಟಿದ್ದ. ಇಪ್ಪತ್ತು ವರ್ಷ ಅದನ್ನು ಯಾರೂ ನೋಡಲಿಲ್ಲ. ಅಪ್ಪ ಸತ್ತ ಮೇಲೆ ಅವಳ ಅಣ್ಣ ನೋಡಿದ. ಮನೆ, ಗದ್ದೆ ಎರಡೂ ತನ್ನವು, ತಂಗಿ ಎದ್ದು ಹೋಗಬೇಕು ಎಂದು ದಾವೆ ಹಾಕಿದ.

ಈ ದ್ವೀಪದಲ್ಲಿ ಇಪ್ಪತ್ತೊಂದು ವರ್ಷ ತುಂಬಿದ ಹೆಣ್ಣಿಗೂ ಗಂಡಿಗೂ ಓಟು ಇದೆ. ನಮ್ಮಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಓಟು ಹಾಕಲು ಕಂದಾಯ ಕಟ್ಟಿರಬೇಕು. ಮೆಣಿಕೆ ಓಟು ಹಾಕಿ ಬಂದವಳು. ಕಾನೂನು ಮಾಡುವವರನ್ನು ಆರಿಸಬಲ್ಲಳು. ತಾನು ಹುಟ್ಟಿದ ಮನೆಯಲ್ಲಿ ಇರಬಲ್ಲಳೋ ಇಲ್ಲವೋ, ಅದನ್ನು ಒಂದು ಖಾಲಿ ಜಾಗ ಹೇಳಬೇಕು. ಇದಕ್ಕೆ ಸಂಪ್ರದಾಯದ ರಕ್ಷಣೆ ಎಂದು ಹೆಸರು.

ದಾವೆಗೆ ಕೊಡಬೇಕಾದ ಅವಳ ಉತ್ತರವನ್ನು ನಮ್ಮ ಪ್ರಾಕ್ಟರ್ ನನಗೇ ಬರೆಯಲು ಹೇಳಿದರು. ಅವಳು ಜಗಲಿಯಲ್ಲಿ ಅಕ್ಕಿ ಕೇರುತ್ತ ಹೇಳಿದಳು, ನಾನು ಇಂಗ್ಲಿಷಿನಲ್ಲಿ ಬರೆದೆ. "ಮದ್ವೆ ಆದ್ಮೇಲೆ ಏಳು ದಿನ ಅವರೂರಿಗೆ ಹೋಗಿದ್ದೆ ಮಹತ್ತಯಾ" ಎಂದಳು. ಮಹತ್ತಯಾ ಎಂದರೆ ಸ್ವಾಮಿ ಎಂದ ಹಾಗೆ. ನಾನು ಬರೆದದ್ದು ಇದು: ಮದುವೆಯ ನಂತರ ಅವಳನ್ನು ಗಂಡನ ಮನೆಗೆ ಕರೆದೊಯ್ದು ಮನೆ ತುಂಬಿಸಿಕೊಂಡರು, ಏಳನೆಯ ದಿನ ತಂದೆಯ ಮನೆಗೆ ಮರಳಿದಳು.

ನಮ್ಮ ಕಡೆ ಮನೆ ಅಳಿಯನನ್ನು ತಂದರೂ ಹುಡುಗಿ ಒಮ್ಮೆ ಗಂಡನ ಮನೆಗೆ ಹೋಗಿ, ಹೊಸ್ತಿಲ ಮೇಲಿನ ಅಕ್ಕಿಯ ಸೇರು ಒದ್ದು ಒಳಗೆ ಬಂದು, ಆಮೇಲೆ ತವರಿಗೆ ಹಿಂದಿರುಗುತ್ತಾಳೆ. ನನ್ನ ಸೋದರತ್ತೆ ನಂಜಮ್ಮ ಹಾಗೆಯೇ ಮಾಡಿದ್ದಳು. ಅದು ಶಾಸ್ತ್ರ, ಅದರಿಂದ ಯಾರ ಪಾಲೂ ಹೋಗುವುದಿಲ್ಲ. ಇಲ್ಲಿ ಮಾತ್ರ ಹೆಣ್ಣನ್ನು ತಂದೆಯ ಮನೆಯಿಂದ ಕರೆದೊಯ್ಯುವುದೇ ದೀಗದ ಲಕ್ಷಣ. ಚುಂಚನಕಟ್ಟೆಯ ಆಚೆಯ ನಮ್ಮ ಹಳ್ಳಿಯ ಒಂದು ಶಾಸ್ತ್ರವನ್ನು ನಾನು ಕ್ಯಾಂಡಿಯ ಹೆಂಗಸಿನ ಬಾಯಿಗೆ ತುರುಕಿದ್ದೆ. ಪ್ರಾಕ್ಟರ್ ಓದದೆ ಸಹಿ ಹಾಕಿದರು. ಇಂಗ್ಲಿಷ್ ಬಾರದ ಮೆಣಿಕೆ ನನ್ನನ್ನು ನಂಬಿ ಸಹಿ ಹಾಕಿದಳು.

ಕೋರ್ಟಿನಲ್ಲಿ ಅಣ್ಣನ ಕಡೆಯ ವಕೀಲ ಆ ಸಾಲನ್ನು ಮೂರು ಸಲ ಓದಿದ. ತನ್ನ ಮದುವೆ ದೀಗವೆಂದು ಅವಳೇ ಒಪ್ಪಿದ್ದಾಳೆ, ಇನ್ನು ಸಾಕ್ಷಿ ಯಾಕೆ ಎಂದ. ಅವಳು ಹೋದದ್ದು ಹಾಸಿಗೆ ಹಿಡಿದಿದ್ದ ಅತ್ತೆಯನ್ನು ನೋಡಿಕೊಳ್ಳಲು. ಅದನ್ನು ಈಗ ಹೇಳಿದ್ದು ಕಟ್ಟುಕತೆಯಂತೆ ಕೇಳಿಸಿತು. ತಪ್ಪು ನನ್ನದು, ನಾನೇ ಸಾಕ್ಷಿ ಹೇಳುತ್ತೇನೆ ಎಂದು ಪ್ರಾಕ್ಟರಿಗೆ ಹೇಳಿದೆ. ಕಚೇರಿಯ ಮರ್ಯಾದೆ ಹೋಗುತ್ತದೆ ಎಂದು ಅವರು ಕೂಗಾಡಿದರು. ಕೊನೆಗೆ ನನ್ನನ್ನು ಸಾಕ್ಷಿಗೆ ಕರೆದರು.

"ಈ ಸಾಲು ಅವಳು ಹೇಳಿದ್ದೇ, ನೀವು ಸೇರಿಸಿದ್ದೇ?" ಎಂದ ಆ ವಕೀಲ.

"ನಾನು ಸೇರಿಸಿದ್ದು."

"ಸರಿ. ಅವಳು ಹೇಳಿದ ಮಾತನ್ನು ಇದ್ದ ಹಾಗೇ ಹೇಳಿ. ಅತ್ತೆಗೆ ಕಾಯಿಲೆ ಎಂದು ಅವತ್ತೇ ಹೇಳಿದಳೇ?"

ಅವತ್ತು ಹೇಳಿದಳೇ? ಅಥವಾ ದಾವೆ ಕೆಟ್ಟಿತೆಂದು ತಿಳಿದು ಅತ್ತ ದಿನ ಹೇಳಿದಳೇ? ಮೊರದ ಸದ್ದು ನೆನಪಿದೆ, ಹಾರುತ್ತಿದ್ದ ಹೊಟ್ಟು ನೆನಪಿದೆ, ಮಾತು ನೆನಪಿಲ್ಲ. ನನ್ನ ನೆನಪಿನ ಯೋಗ್ಯತೆ ನನಗೆ ಗೊತ್ತು. ತಾತ ಸತ್ತ ಮೇಲೆ ಅಪ್ಪ, ಚಿಕ್ಕಪ್ಪ ಸೇರಿ ನಂಜಮ್ಮತ್ತೆಯನ್ನು ಗಾಡಿ ಹತ್ತಿಸಿ ಬೆಟ್ಟದಪುರದ ಕಡೆಯ ಗಂಡನ ಊರಿಗೆ ಕಳಿಸಿದ ದಿನ, ಅವಳಿಗೇನೂ ಬಿಡದ ಪಾಲುಪತ್ರ ಓದಿ ಹೇಳಿದವನು ನಾನು. ಬಿ.ಎ. ಓದುತ್ತಿದ್ದ ಮಗ ಎಂಬ ಹೆಮ್ಮೆಯಿಂದ ಓದಿಸಿದರು. ಅವಳು ನನ್ನ ಕಡೆ ತಿರುಗಿ "ನೀನು ಓದಿದ್ದು ಇದಕ್ಕೇನ್ಲಾ?" ಅಂದಳು ಎಂದು ವರ್ಷಗಟ್ಟಲೆ ಎಲ್ಲರಿಗೂ ಹೇಳಿದ್ದೇನೆ. ನನ್ನ ಅಣ್ಣ ಮಾತ್ರ, "ಅವಳು ಬಾಯೇ ಬುಡ್ಲಿಲ್ಲ ಕಣೋ, ನೀನೇ ಕಟ್ಕೊಂಡಿದ್ದೀಯ" ಎನ್ನುತ್ತಾನೆ. ಇರಬಹುದು.

"ಖಚಿತವಾಗಿ ಹೇಳಲಾರೆ" ಎಂದೆ.

ಜಡ್ಜರು ಅದನ್ನು ಬರೆದುಕೊಂಡರು. ಮನೆ ಮೆಣಿಕೆಯ ಅಣ್ಣನದಾಯಿತು. ನನ್ನ ಕೆಲಸವೂ ಅವತ್ತೇ ಹೋಯಿತು.

ಹೊರಗೆ ಮರದ ಕೆಳಗೆ ಮೆಣಿಕೆ ನನ್ನನ್ನು ತಡೆದು ನಿಲ್ಲಿಸಿದಳು. "ನಮ್ಮಣ್ಣ ಪ್ರಮಾಣ ಮಾಡಿ ಅಷ್ಟು ಸುಳ್ಳು ಹೇಳ್ದ. ಒಂದಕ್ಕಾದ್ರೂ ತೊದಲಿದ್ನಾ? ನಿಜ ಹೇಳಕ್ಕೆ ನಿಮ್ಗೇನಾಗಿತ್ತು?"

ನನಗೆ ಉತ್ತರ ಗೊತ್ತಿತ್ತು, ಹೇಳಲು ನಾಚಿಕೆಯಾಯಿತು. ಅನುಮಾನ ಪಡುವುದನ್ನು ನನಗೆ ಮೈಸೂರಿನಲ್ಲಿ ಕಲಿಸಿದರು. ಅದನ್ನೇ ಬುದ್ಧಿ ಎಂದು ಹೊತ್ತುಕೊಂಡು ತಿರುಗಿದೆ. ಅವಳ ಅಣ್ಣ ಅನುಮಾನವಿಲ್ಲದೆ ಮನೆ ಪಡೆದ. ಮದುವೆ ಬರೆದುಕೊಂಡವನು ಅನುಮಾನವಿಲ್ಲದೆ ಖಾಲಿ ಬಿಟ್ಟ. ನಮ್ಮಪ್ಪನೂ ಚಿಕ್ಕಪ್ಪನೂ ಅನುಮಾನವಿಲ್ಲದೆ ಗಾಡಿ ಕಟ್ಟಿಸಿದರು. ಬೆಲೆ ತೆತ್ತವರು ಇಬ್ಬರು ಹೆಂಗಸರು. ಮೈಸೂರಿನಲ್ಲಿ ಹೆಂಗಸರ ಹಕ್ಕಿಗೆ ಹೊಸ ಕಾಯಿದೆ ಬಂದಿದೆ ಎಂದು ನೀವು ಬೀಗಬಹುದು. ಇಲ್ಲಿಯೂ ಕಟ್ಟಳೆ ತಿದ್ದುವ ಮಾತು ನಡೆದಿದೆ. ನಂಜಮ್ಮತ್ತೆಯ ಗಾಡಿಯನ್ನು ಯಾವ ಕಾಯಿದೆ ಹಿಂದಕ್ಕೆ ತಿರುಗಿಸಿತು ಎಂದು ಯಾರಾದರೂ ಬರೆದು ತಿಳಿಸಿ.

ಕಳೆದ ತಿಂಗಳು ಗಫಾರ್ ಸಾಹೇಬರು ಅಂಗಡಿ ಮುಚ್ಚಿದರು. ದೊರೆಗಳು ಈಗ ಮೋಟಾರಿನಲ್ಲಿ ಓಡಾಡುತ್ತಾರೆ, ಜೀನು ಯಾರಿಗೂ ಬೇಡ. ಹುಣಸೂರಿಗೆ ಹೊರಟು ನಿಂತು ನನ್ನನ್ನೂ ಕರೆದರು.

"ಕೆಲ್ಸ ಇಲ್ಲ, ಕಾರ್ಯ ಇಲ್ಲ. ಇನ್ನೇನೈತೆ ಇಲ್ಲಿ? ಬನ್ನಿ ಸ್ವಾಮಿ, ಒಂದೇ ರೈಲಲ್ಲಿ ಹೋಗೋಣ."

"ಅಪೀಲು ಇದೆ ಸಾಹೇಬರೇ."

"ಯಾರ್ದು? ನಿಮ್ದಾ?"

"ಅವಳದ್ದು."

"ಅಲ್ರೀ, ಬರೆದು ಕೆಡಿಸಿದ್ದೂ ನೀವೇ, ಬಾಯ್ಬುಟ್ಟು ಕೆಡಿಸಿದ್ದೂ ನೀವೇ. ಇನ್ನೂ ಬುಡಲ್ವಾ ಆಯಮ್ಮನ್ನ?"

ಬಿಡದಿರುವುದು ನಾನಲ್ಲ, ಅವಳು. ಅಪೀಲು ತೀರುವ ತನಕ ಮನೆಯಲ್ಲಿರಲು ಕೋರ್ಟು ಅವಳಿಗೆ ಬಿಟ್ಟಿದೆ. ಇನ್ನೊಬ್ಬ ಪ್ರಾಕ್ಟರ್ ಒಪ್ಪಿಕೊಂಡಿದ್ದಾರೆ. ಅವರಿಗೆ ಕೊಡುವ ಹೇಳಿಕೆಯನ್ನು ನನ್ನಿಂದಲೇ ಬರೆಸುತ್ತೇನೆಂದು ಮೆಣಿಕೆಯ ಹಟ. ಒಂದು ಸಾಲು ಬರೆದರೆ ಅದನ್ನು ಸಿಂಹಳದಲ್ಲಿ ತಿರುಗಿ ಹೇಳಬೇಕು; ಒಪ್ಪಿಗೆಯಾದರೆ ತಲೆಯಾಡಿಸುತ್ತಾಳೆ, ಇಲ್ಲವಾದರೆ "ಅಳಿಸಿ" ಎನ್ನುತ್ತಾಳೆ.

ನಿನ್ನೆ ನಡುವೆ ನಿಲ್ಲಿಸಿ ಕೇಳಿದಳು: "ನಿಮ್ಮಪ್ಪ ಹೋದ್ರೆ ನಿಮ್ಗೆ ಆ ಮನೆ ಬರ್ತದಾ?"

"ಪಾಲು ಬರುತ್ತದೆ."

"ಕೋರ್ಟಿಗೆ ಹೋಗ್ದೆ?"

"ಹೋಗದೆ."

"ಈ ದೇಶದಲ್ಲಿದ್ರೂ? ನೀವು ಮನೆ ಬಿಟ್ಟು ಬಂದು ಎಷ್ಟು ವರ್ಷ ಆಯ್ತು?"

"ಆರು."

"ನಾನು ಏಳು ದಿನ ಬಿಟ್ಟಿದ್ದೆ" ಎಂದಳು. ಆಮೇಲೆ, "ಮುಂದಕ್ಕೆ ಬರೀರಿ."