ಗಫೂರಾಕ ಹೊಲಿದ ಕೊರಿಯಾದ ರವಿಕೆ

ಹೇಳಿದ ದಿನಕ್ಕೆ ರವಿಕೆ ಕೊಟ್ಟ ಚರಿತ್ರೆ ಗಫೂರಾಕನಿಗೆ ಇಲ್ಲ. ಹನ್ನೆರಡು ವರ್ಷಗಳಿಂದ ಅವರನ್ನು ಬೈಯುತ್ತಲೇ ಬಂದಿದ್ದೇನೆ, ಬೈಯುತ್ತಲೇ ಮತ್ತೆ ಅವರ ಅಂಗಡಿಗೇ ಹೋಗಿದ್ದೇನೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರಲ್ಲ, ಹಾಗೆ ರಿಯಾದಿನ ನಮ್ಮ ಬಡಾವಣೆ ಮಲಾಜ್‌ಗೆ ಬಂದ ನಮ್ಮ ಕಡೆಯ ಹೆಂಗಸು ಒಂದಲ್ಲ ಒಂದು ದಿನ ಅವರ ಕೌಂಟರಿನ ಮುಂದೆ ನಿಲ್ಲಲೇಬೇಕು. ಹೆಗಲಿಗೆ ಸರಿಯಾಗಿ ಕೂರುವ ರವಿಕೆಯನ್ನು ಇಲ್ಲಿ ಬೇರೆ ಯಾರೂ ಹೊಲಿಯುವುದಿಲ್ಲ.

ಪೂರ್ತಿ ಹೆಸರು ಅಬ್ದುಲ್ ಗಫೂರ್, ವಿಟ್ಲ ಕಡೆಯ ಬ್ಯಾರಿ, ವಯಸ್ಸು ಅರವತ್ತರ ಹತ್ತಿರ. ಇಪ್ಪತ್ತೇಳು ವರ್ಷಗಳಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದರೂ ಒಬ್ಬ ಹೆಂಗಸಿನ ಮೈಗೂ ಟೇಪು ಹಿಡಿದವರಲ್ಲ. ಅವರು ಬಂದ ಕಾಲದಲ್ಲಿ ಹೆಂಗಸರು ಅಂಗಡಿಯ ಹೊರಗೇ ನಿಂತು ಕಿಟಕಿಯಿಂದ ಹಳೆಯ ಬಟ್ಟೆಯೊಂದನ್ನು ಒಳಗೆ ಕೊಡುತ್ತಿದ್ದರಂತೆ. ಈಗ ಅದೇ ಹೆಂಗಸರು ತಾವೇ ಕಾರು ಓಡಿಸಿಕೊಂಡು ಬರುತ್ತಾರೆ. ಆದರೂ ಗಫೂರಾಕನ ಮೊದಲ ಮಾತು ಬದಲಾಗಿಲ್ಲ: "ಅಳತೆ ಬಟ್ಟೆ ತಂದಿದ್ದೀರಾ?" ಹಳೆಯ ರವಿಕೆ ಕೊಟ್ಟಾಗ ನಾವು ದಪ್ಪಗಾಗಿರುವುದು ಅವರ ಕಣ್ಣಿಗೆ ಬೀಳದೆ ಇರುವುದಿಲ್ಲ. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ. ಮನೆಗೆ ತಂದು ನೋಡಿದರೆ ಪಕ್ಕದ ಹೊಲಿಗೆಯಲ್ಲಿ ಅರ್ಧ ಇಂಚು ಸಡಿಲ ಬಿಟ್ಟಿರುತ್ತಾರೆ. ಇಂಥ ಮರ್ಯಾದೆ ಕಲಿತವರಲ್ಲಿ ಎಷ್ಟು ಜನಕ್ಕಿದೆ?

ಕಳೆದ ಚಳಿಗಾಲದಲ್ಲಿ ಇವರ ಅಂಗಡಿಗೆ ಶೈಮಾ ಎಂಬ ಸೌದಿ ಹುಡುಗಿ ಬಂದಳು. ನಾನೂ ಅಲ್ಲೇ ಇದ್ದೆ, ನನ್ನ ರವಿಕೆಗಾಗಿ ಜಗಳ ನಡೆಯುತ್ತಿತ್ತು. ಹುಡುಗಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ನಾಲ್ಕು ವರ್ಷ ಟಿವಿಯಲ್ಲಿ ಕೊರಿಯಾದ ಧಾರಾವಾಹಿ ನೋಡಿಯೇ ಆ ಭಾಷೆ ಕಲಿತವಳು. ಮುಂದಿನ ಗುರುವಾರ ಕೊರಿಯಾದಿಂದ ಅತಿಥಿಗಳು ಬರುವುದಿತ್ತು. ಅವರ ಭಾಷೆಯಲ್ಲಿ, ಅವರ ಹಾನ್‌ಬೋಕ್ ಉಡುಪಿನಲ್ಲಿ ಸ್ವಾಗತ ಹೇಳಲು ಇವಳನ್ನು ಆರಿಸಿದ್ದರು. ಆದರೆ ತರಿಸಿದ ಸಿದ್ಧ ಉಡುಪುಗಳಲ್ಲಿ ಒಂದೂ ಇವಳಿಗೆ ಆಗಲಿಲ್ಲ. ಶೈಮಾ ತುಂಬು ಮೈಯ ಹುಡುಗಿ. ಉಡುಪು ಸಿಗದಿದ್ದರೆ ಬೇರೆ ಹುಡುಗಿ ನಿಲ್ಲುತ್ತಾಳೆ ಎಂದು ಹೇಳಿಬಿಟ್ಟಿದ್ದರಂತೆ. "ಧಾರಾವಾಹಿಯಲ್ಲಿ ನನ್ನ ಹಾಗೆ ಇರುವವರು ಯಾರೂ ಇಲ್ಲ, ಅಮ್ಮೀ" ಎಂದಳು. ಅರಬಿಯಲ್ಲಿ ಅಮ್ಮೀ ಎಂದರೆ ಚಿಕ್ಕಪ್ಪ. ಗಂಡಸನ್ನು ಅಮ್ಮೀ ಎಂದದ್ದಕ್ಕೆ ನಗಲು ಹೊರಟವಳು ಅವಳ ಮುಖ ನೋಡಿ ನಗು ನುಂಗಿದೆ.

ತಾಯಿಯ ಪೆಟ್ಟಿಗೆಯಲ್ಲಿದ್ದ ರೇಷ್ಮೆ ತಂದಿದ್ದಳು. ಲಂಗಕ್ಕೆ ಸಾದಾ ಕೆಂಪು, ಮೇಲಿನ ರವಿಕೆಗೆ ಜರಿ ಹೂವಿನ ಹಸಿರು. ಹಸಿರು ಬಟ್ಟೆ ಇದ್ದದ್ದು ಅಳೆದು ಒಂದೇ ರವಿಕೆಗೆ ಆಗುವಷ್ಟು. ಅಂಥದ್ದು ಈಗ ಇಲ್ಲಿನ ಪೇಟೆಯ ಯಾವ ಸೂಕ್‌ನಲ್ಲೂ ಸಿಗುವುದಿಲ್ಲ. ಫೋನಿನಲ್ಲಿ ಒಂದೇ ಒಂದು ಚಿತ್ರ ತೋರಿಸಿದಳು, ಅದರಲ್ಲಿ ರಾಣಿಯೊಬ್ಬಳು ಪಕ್ಕಕ್ಕೆ ತಿರುಗಿ ನಿಂತಿದ್ದಳು.

"ಅಳತೆ ಬಟ್ಟೆ?" ಎಂದರು ಗಫೂರಾಕ.

ಹುಡುಗಿ ತಾನು ತೊಟ್ಟಿದ್ದ ಅಬಾಯಾ ನೋಡಿಕೊಂಡಳು. ಡೇರೆಯಂಥ ಅಬಾಯಾದಲ್ಲಿ ಯಾವ ಅಳತೆ ಸಿಕ್ಕೀತು! ಆಗ ಪರದೆಯ ಹಿಂದಿನ ಕೋಣೆಯಿಂದ ಖತೀಜಮ್ಮ ಎದ್ದು ಬಂದರು. ಗಫೂರಾಕನ ಹೆಂಡತಿ. ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಬಂದವರು. ಟೇಪು ತೆಗೆದುಕೊಂಡು ಹುಡುಗಿಯನ್ನು ಒಳಗೆ ಕರೆದೊಯ್ದರು. ಆ ಅಂಗಡಿಯಲ್ಲಿ ಟೇಪು ಹೆಂಗಸಿನ ಮೈ ಮುಟ್ಟಿದ್ದು ಅದೇ ಮೊದಲು.

ಅಳತೆ ಸಿಕ್ಕಿತು, ಕತ್ತರಿಸುವ ಕ್ರಮ ತಿಳಿಯಬೇಕಲ್ಲ. ಅದಕ್ಕೂ ಖತೀಜಮ್ಮನೇ ದಾರಿಯಾದರು. ಮಾಡಲು ಬೇರೆ ಕೆಲಸವಿಲ್ಲದೆ ಅವರು ದಿನವಿಡೀ ಫೋನಿನಲ್ಲಿ ಕೊರಿಯಾದ ರಾಜಮನೆತನದ ಕಥೆಗಳ ತುಣುಕುಗಳನ್ನು ಪುಕ್ಕಟೆ ನೋಡುತ್ತಿದ್ದರು. ಭಾಷೆ ಬೇಡ, ಅಕ್ಷರ ಬೇಡ, ಮುಖ ನೋಡಿಯೇ ಕಥೆ ಹೇಳುತ್ತಿದ್ದರು. ಗಂಡ ಹೆಂಡತಿ ಅಕ್ಕಪಕ್ಕ ಕುಳಿತು ಒಂದೊಂದು ದೃಶ್ಯವನ್ನೂ ನಿಲ್ಲಿಸಿ ನೋಡಿದರು. ತೋಳು ಎಷ್ಟು ಬಾಗುತ್ತದೆ, ಕೊರಳಪಟ್ಟಿ ಎಲ್ಲಿ ಮುಗಿಯುತ್ತದೆ, ಲಂಗದ ನೆರಿಗೆ ಎಷ್ಟು. ಗಫೂರಾಕ ಹಳೆಯ ಕ್ಯಾಲೆಂಡರಿನ ಹಿಂದೆ ಬರೆದುಕೊಳ್ಳುತ್ತಿದ್ದರು.

"ಎಂತ ಬುದ್ಧಿ ಮಾರಾಯ್ರೆ ಇವರದ್ದು!" ಎಂದರು ನನ್ನೊಡನೆ. "ಲಂಗ ಕಟ್ಟುದು ಎದೆಯ ಮೇಲೆ. ಅಲ್ಲಿಂದ ಕೆಳಗೆ ದಪ್ಪ ಇದ್ದವಳೂ ಒಂದೇ, ತೆಳ್ಳಗೆ ಇದ್ದವಳೂ ಒಂದೇ. ಯಾರಿಗೂ ನಾಚಿಕೆ ಇಲ್ಲ. ಇದನ್ನು ಮೊದಲು ಹೊಲಿದವನು ದೊಡ್ಡ ಮನುಷ್ಯ."

"ಜನವೂ ಒಳ್ಳೆಯವರೇ, ವಿನೋದಕ್ಕ" ಎಂದರು ಖತೀಜಮ್ಮ. "ದೊಡ್ಡವರ ಎದುರು ಎಷ್ಟು ಬಗ್ಗುತ್ತಾರೆ ನೋಡಿ. ಆದ್ರೆ ಉಣ್ಣುದು ಮಾತ್ರ ಎಡಗೈಯಲ್ಲಿ. ರಾಜನೂ ಹಾಗೇ, ಆಳೂ ಹಾಗೇ. ಎಂತ ಮಾಡುದು, ಎಲ್ಲ ಒಟ್ಟಿಗೆ ಯಾರಿಗೂ ಸಿಗುದಿಲ್ಲ."

"ಅದು ಅವರ ಕ್ರಮ. ನಾವು ಯಾಕೆ ತಪ್ಪು ಹೇಳುದು?" ಎಂದರು ಗಫೂರಾಕ.

ನಾನೂ ನಂಬಿದೆ. ನಂಬಿದ್ದು ಸಾಲದೆ, ಮರುದಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಕೊರಿಯಾದಲ್ಲಿ ಎಡಗೈಗೇ ಮರ್ಯಾದೆ ಎಂದು ಭಾಷಣವನ್ನೂ ಬಿಗಿದೆ. ವಿಜ್ಞಾನದ ಟೀಚರ್ ನಾನು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಸೋಮವಾರ ಸಂಜೆ ಮಗಳು ಯಶ್ಮಿತಾಳನ್ನು ಕರೆದುಕೊಂಡು ಅಂಗಡಿಗೆ ಹೋದೆ. ಹಸಿರು ರೇಷ್ಮೆ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ ತೂಗುಹಾಕಿದ್ದರು. ಖತೀಜಮ್ಮ ಅವಳಿಗೂ ಎಡಗೈ ರಾಜನನ್ನು ತೋರಿಸಿದರು. ಒಂಬತ್ತನೇ ಕ್ಲಾಸಿನ ಹುಡುಗಿ ಒಂದು ಕ್ಷಣ ನೋಡಿ ಬಿದ್ದು ಬಿದ್ದು ನಕ್ಕಳು.

"ಅಮ್ಮಾ, ಇದು ಫ್ಲಿಪ್ ಮಾಡಿದ ವೀಡಿಯೋ! ಕದ್ದು ಹಾಕುವವರು ಸಿಕ್ಕಿಬೀಳಬಾರದು ಅಂತ ಕನ್ನಡಿಯ ಹಾಗೆ ಉಲ್ಟಾ ಮಾಡಿ ಹಾಕ್ತಾರೆ. ಅಲ್ಲಿನ ಅಕ್ಷರ ನೋಡಿ, ಅದೂ ಉಲ್ಟಾ." ತನ್ನ ಫೋನಿನಲ್ಲಿ ಅದೇ ಧಾರಾವಾಹಿಯ ಅಸಲು ದೃಶ್ಯ ತೋರಿಸಿದಳು. ರಾಜ ಬಲಗೈಯಲ್ಲಿ ಉಣ್ಣುತ್ತಿದ್ದ.

"ಹಾಗಾದ್ರೆ ಅವರಿಗೆ ಎಂತದ್ದೂ ಕಮ್ಮಿ ಇಲ್ಲ" ಎಂದು ಖತೀಜಮ್ಮ ಸಂತೋಷಪಟ್ಟರು.

ಗಫೂರಾಕ ನಗಲಿಲ್ಲ. ಆ ಅಸಲು ದೃಶ್ಯದಲ್ಲಿ ರಾಜನ ಪಕ್ಕದಲ್ಲಿದ್ದ ರಾಣಿಯ ಎದೆಯನ್ನೇ ನೋಡುತ್ತಿದ್ದರು. ಅವಳ ರವಿಕೆಯ ಎಡಭಾಗ ಮೇಲೆ ಬಂದು, ಬಲಭಾಗ ಒಳಗೆ ಹೋಗಿತ್ತು. ಉಲ್ಟಾ ವೀಡಿಯೋ ನೋಡಿ ಇವರು ಕತ್ತರಿಸಿದ್ದು ಬಲಭಾಗ ಮೇಲೆ ಬರುವ ಹಾಗೆ. ಹೆಂಗಸರ ಅಂಗಿಗೆ ಗುಂಡಿ ಹಾಕುವಾಗ ಬಲಭಾಗವೇ ಮೇಲೆ, ಹಾಗಾಗಿ ಇಪ್ಪತ್ತೇಳು ವರ್ಷದ ಕೈಗೆ ಅನುಮಾನವೇ ಬಂದಿರಲಿಲ್ಲ.

"ಉಲ್ಟಾ ಕೊಟ್ಟರೆ ಆ ಅತಿಥಿಗಳು ನಗಾಡುದು ನನ್ನನ್ನಲ್ಲ ವಿನೋದಕ್ಕ, ಆ ಹುಡುಗಿಯನ್ನು" ಎಂದರು.

ಬೇರೆ ದರ್ಜಿಯಾಗಿದ್ದರೆ ಸುಮ್ಮನೆ ಹೊಲಿದು ಕೊಟ್ಟುಬಿಡುತ್ತಿದ್ದ. ಇವರು ಶೈಮಾಳಿಗೆ ಫೋನು ಮಾಡಿದರು. "ತಪ್ಪು ನನ್ನದು, ಮಗಳೇ. ಬಂದು ನೋಡು" ಎಂದರು.

ಅವಳು ಬರುವಷ್ಟರಲ್ಲಿ ಕಚ್ಚಾ ಹೊಲಿಗೆಯನ್ನೆಲ್ಲ ಬಿಚ್ಚಿ, ಕತ್ತರಿಸಿದ ತುಂಡುಗಳನ್ನು ಮೇಜಿನ ಮೇಲೆ ಹರಡಿದ್ದರು. ಒಂದೊಂದನ್ನೇ ಮಗುಚಿ ಹಾಕಿದರು. ಮಗುಚಿದ ಕೂಡಲೇ ಬಲದ ತುಂಡು ಎಡದ್ದಾಯಿತು. ಕಷ್ಟವೊಂದೇ, ಈಗ ಬಟ್ಟೆಯ ಹಿಂಬದಿ ಮೇಲಾಯಿತು. ಅಲ್ಲಿ ಜರಿಯ ಹೊಳಪಿಲ್ಲ, ಮಸುಕು ಹಸಿರಿನಲ್ಲಿ ಹೂವಿನ ನೆರಳು ಮಾತ್ರ. ಎದ್ದುಕೊಂಡಿದ್ದ ಸಣ್ಣ ನೂಲುಗಳನ್ನು ಆಗಲೇ ಕತ್ತರಿಸಿ ನುಣ್ಣಗೆ ಮಾಡಿದ್ದರು.

"ಇದಕ್ಕಿಂತ ಬೇರೆ ದಾರಿ ನನಗೆ ಗೊತ್ತಿಲ್ಲ. ಬೇಡ ಎಂದರೆ ಬೇಡ ಎನ್ನು" ಎಂದರು ಅರಬಿಯಲ್ಲಿ.

ಶೈಮಾ ಬಹಳ ಹೊತ್ತು ಬಟ್ಟೆಯ ಮೇಲೆ ಕೈಯಾಡಿಸಿದಳು. ಕಣ್ಣು ತುಂಬಿತ್ತು, ತಾಯಿಯ ರೇಷ್ಮೆಯಲ್ಲವೇ. ಕೊನೆಗೆ ಹೇಳಿದಳು: "ಧಾರಾವಾಹಿಯಲ್ಲಿ ದೊಡ್ಡ ರಾಣಿಯ ಬಟ್ಟೆಯೂ ಹೀಗೇ ಹೊಳೆಯುವುದಿಲ್ಲ, ಅಮ್ಮೀ. ಹೊಲಿಯಿರಿ."

ಬುಧವಾರ ಮಧ್ಯಾಹ್ನ ಅವಳು ಉಡುಪು ಒಯ್ದಳು. ಹೇಳಿದ ದಿನಕ್ಕೆ ಗಫೂರಾಕ ಕೊಟ್ಟ ಬಟ್ಟೆಯನ್ನು ನಾನು ಕಂಡದ್ದು ಅದೊಂದೇ.

ಗುರುವಾರ ಸಂಜೆ ನಾನು ಅಂಗಡಿಯಲ್ಲಿದ್ದಾಗಲೇ ಖತೀಜಮ್ಮನ ಫೋನಿಗೆ ಒಂದು ಚಿತ್ರ ಬಂತು. ಶೈಮಾಳ ಗೆಳತಿ ತೆಗೆದ ಸೆಲ್ಫಿ. ಹಿಂದೆ ಶೈಮಾ ಹಸಿರು ರವಿಕೆ, ಕೆಂಪು ಲಂಗದಲ್ಲಿ ಗಾವಾ, ಅಂದರೆ ಅರಬಿ ಕಾಫಿಯ ಕಪ್ಪು ಹಿಡಿದು ನಿಂತಿದ್ದಳು. ಚೆಂದ ಎಂದರೆ ಚೆಂದ. ಗಫೂರಾಕ ಒಮ್ಮೆ ನೋಡಿ ಸ್ಟೂಲಿನ ಮೇಲೆ ಕುಸಿದು ಕುಳಿತರು. ರವಿಕೆಯ ಬಲಭಾಗ ಮೇಲಿತ್ತು.

"ಮತ್ತೆ ಉಲ್ಟಾ ಹೊಲಿದೆನಾ ನಾನು?" ಎಂದರು.

ಖತೀಜಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಗಾವಾ ಯಾವ ಕೈಯಲ್ಲಿ ಉಂಟು?"

"ಎಡಗೈಯಲ್ಲಿ" ಎಂದೆ.

"ಒಳ್ಳೆ ಮನೆಯ ಅರಬಿ ಹುಡುಗಿ ಎಡಗೈಯಲ್ಲಿ ಗಾವಾ ಕುಡಿಯುದುಂಟಾ? ಪಟ ಉಲ್ಟಾ ಮಾರಾಯ್ರೆ, ರವಿಕೆ ಸರಿ ಉಂಟು!"

ಹೌದು, ಸೆಲ್ಫಿಯೂ ಕನ್ನಡಿಯೇ ತಾನೆ. ಯಶ್ಮಿತಾ ಇಲ್ಲದೆಯೇ ಖತೀಜಮ್ಮ ಅದನ್ನು ಹಿಡಿದರು.

ಸ್ವಲ್ಪ ಹೊತ್ತಿನಲ್ಲಿ ಶೈಮಾಳ ಧ್ವನಿ ಸಂದೇಶ ಬಂತು. ಅತಿಥಿಗಳಲ್ಲಿ ಒಬ್ಬ ಅಜ್ಜಿ ಇದ್ದರಂತೆ. ಇವಳನ್ನು ಮೇಲಿಂದ ಕೆಳಗೆ ನೋಡಿದರಂತೆ, ಇವಳಿಗೆ ಜೀವವೇ ಹೋಯಿತಂತೆ. ಅಜ್ಜಿ ಹತ್ತಿರ ಬಂದು, ಎದೆಯ ಮೇಲಿನ ಲಾಡಿಯ ಗಂಟನ್ನು ಬಿಚ್ಚಿ ಸರಿಯಾಗಿ ಕಟ್ಟಿಕೊಟ್ಟು, ಇವಳ ಎರಡೂ ಕೈ ಹಿಡಿದುಕೊಂಡರಂತೆ. "ಬೇರೇನನ್ನೂ ತಿದ್ದಲಿಲ್ಲ, ಅಮ್ಮೀ" ಎಂದಳು.

ಗಫೂರಾಕ ಅದನ್ನು ಮೂರು ಸಲ ಹಾಕಿಸಿ ಕೇಳಿದರು. "ತಪ್ಪು ಗಂಟು ಕಟ್ಟಿದ್ದು ಆ ಹುಡುಗಿ. ನಾನಲ್ಲ" ಎಂದರು. ಆಮೇಲೆ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು, ಕಣ್ಣನ್ನೂ ಒರೆಸಿಕೊಂಡರು.

ನನ್ನ ರವಿಕೆಯ ಬಟ್ಟೆ ಕತ್ತರಿ ಮುಟ್ಟದೆ ಕಪಾಟಿನಲ್ಲೇ ಇತ್ತು. ಆ ದಿನ ಅದಕ್ಕಾಗಿ ಜಗಳ ಮಾಡದೆ ಮನೆಗೆ ಹೊರಟೆ.